ಚುಕ್ಕಿಯ ನಂತರ ಮೂರು ಅಂಕಿ

ಹದಿನೆಂಟು ವರ್ಷದಿಂದ ಗಾಜಿನ ಈಚೆ ಕೂತಿದ್ದೇನೆ
ಬಾಬ್ ಅಲ್ ಬಹ್ರೈನಿನ ಹಿಂದಿನ ಗಲ್ಲಿಯಲ್ಲಿ,
ಬೇರೆಯವರ ದಿನಾರುಗಳನ್ನು ಅವರವರ ಊರಿಗೆ ದಾಟಿಸುತ್ತ.
ಇಲ್ಲಿ ಚುಕ್ಕಿಯ ನಂತರ ಮೂರು ಅಂಕಿ,
ಸಾವಿರ ಫಿಲ್ಸಿಗೆ ಒಂದು ದಿನಾರು.
ಐದು ಫಿಲ್ಸು ತಪ್ಪಿದರೂ ರಾತ್ರಿ ಲೆಕ್ಕ ಕೂಡುವುದಿಲ್ಲ,
ಕೂಡದೆ ಶಟರು ಇಳಿಯುವುದಿಲ್ಲ.

ಮಗಳ ಪಟ್ಟಿಯಲ್ಲಿ ಚುಕ್ಕಿಯೇ ಇಲ್ಲ.
ಮೇಲಿನ ಮೂಲೆಯಲ್ಲಿ 'ಸಾವಿರಗಳಲ್ಲಿ' ಎಂದು ಬರೆದು
ಎಲ್ಲ ಮೊತ್ತಗಳ ಬಾಲ ಕತ್ತರಿಸಿದ್ದಾಳೆ.
"ಅಲ್ಲಿ ಹಾಗೇ ಬರೆಯೋದು ಪಪ್ಪಾ, ಈಗಲೇ ಅಭ್ಯಾಸ ಆಗಲಿ."
ಅಲ್ಲಿ ಅಂದರೆ ಹಾರ್ಬರಿನ ಜೋಡಿ ಗೋಪುರ,
ಗುದೈಬಿಯಾದ ನಮ್ಮ ಅಡುಗೆಮನೆಯ ಕಿಟಕಿಗೆ
ಏಸಿ ಪೆಟ್ಟಿಗೆಯ ಪಕ್ಕದಿಂದ ಅರ್ಧ ಕಾಣುವುದು.

ಲಂಡನ್ನಿನವು ಎರಡು, ಸಿಂಗಾಪುರದ್ದೊಂದು,
ಮುಂಬಯಿಯದು, ಮತ್ತೆ ದುಬೈಯಲ್ಲಿ
ಆಸ್ಟ್ರೇಲಿಯಾದ ಹೆಸರು ಹೊತ್ತ ಒಂದು ಕಟ್ಟಡ.
ನಾನು ಫೀಸಿನ ಕಾಲಮ್ಮು ನೋಡುತ್ತಿದ್ದರೆ
ಇಂಚರಾ ಬೆರಳಿಟ್ಟದ್ದು ಕೊನೆಯ ಕಾಲಮ್ಮಿಗೆ:
ಯಾವ ಬ್ಯಾಂಕು ಯಾವ ಕಾಲೇಜಿಗೆ ಹುಡುಕಿಕೊಂಡು ಬರುತ್ತದೆ.
"ಪಾಠ ಎಲ್ಲ ಕಡೆ ಒಂದೇ. ಬಾಗಿಲು ಬೇರೆ."
ಒಗ್ಗರಣೆಯ ಹೊಗೆಯೊಳಗಿಂದ ಅವಳಮ್ಮ:
"ಬಾಗಿಲು ನೋಡಿಯೇ ಹೋಗುವುದಾದರೆ ಕಳಿಸುವವರ ಜೇಬೂ ನೋಡು."

ಫೀಸು ಎಲ್ಲ ಕಡೆಯೂ ಹೊರಗಿನವರದ್ದೇ.
ಇಲ್ಲೇ ಹುಟ್ಟಿ, ಈಸಾ ಟೌನಿನ ಶಾಲೆಯಲ್ಲಿ ಅರಬಿ ಕಲಿತವಳು
ಇಲ್ಲಿ ವಿದೇಶಿ, ಮುಂಬಯಿಗೆ ಎನ್ನಾರೈ,
ಲಂಡನ್ನಿಗಂತೂ ಕೇಳುವುದೇ ಬೇಡ.

"ಎಂತ ಮಾಡ್ತಾರೆ ಮಾರಾಯ್ತಿ ಅವರು, ಅಷ್ಟು ಸಂಬಳಕ್ಕೆ?"
ಕೇಳಿದೆ ಒಂದು ರಾತ್ರಿ, ಬಂಗುಡೆಯ ಮುಳ್ಳು ಬಿಡಿಸುತ್ತ.
ಕಂಪನಿಯೊಂದು ಷೇರು ಮಾರಲು ಹೊರಟಾಗ
ಕೊಳ್ಳುವವರು ಸಿಗುವ ಮೊದಲೇ
ಅಷ್ಟಕ್ಕೂ ತಾನೇ ಹೊಣೆ ಎಂದು ಬ್ಯಾಂಕು ಒಪ್ಪಿ,
ಆಮೇಲೆ ಚೂರು ಚೂರು ಮಾರುವುದಂತೆ.
ನನಗೆ ನಗು ಬಂತು.
ಮಲ್ಪೆಯ ಧಕ್ಕೆಯಲ್ಲಿ ನನ್ನಮ್ಮ ಗುಲಾಬಿ ಮೆಂಡನ್
ನಸುಕಿನ ಏಲಮಿನಲ್ಲಿ ಬುಟ್ಟಿಗೆ ಬುಟ್ಟಿಯೇ ಹಿಡಿದು,
ಒಬ್ಬ ಗಿರಾಕಿಯ ಮುಖ ಕಾಣುವ ಮೊದಲೇ ಸಾಲ ಹೊತ್ತು,
ಬಿಸಿಲೇರುವುದರೊಳಗೆ ಮನೆಮನೆಗೆ ಕರಗಿಸಿ ಬರುತ್ತಿದ್ದಳು.
ಉಳಿದದ್ದು ನಮ್ಮ ಸಾರು.
ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಲ್ಲಿಸಿ
"ಉಳಿದದ್ದಕ್ಕೆ ಅಲ್ಲೂ ಒಂದು ಹೆಸರಿದೆ" ಅಂದಳು ಇಂಚರಾ.
ಏನೆಂದು ಹೇಳಲಿಲ್ಲ.

ತಿಂಗಳಿಗೊಮ್ಮೆ ಗೋಪುರದಿಂದ ಒಬ್ಬ ಹುಡುಗ ಬರುತ್ತಾನೆ,
ಡ್ರೈವರನ ತಾಯಿಯ ಆಸ್ಪತ್ರೆಗೆ ಕೊಚ್ಚಿಗೆ ಹಣ ಕಳಿಸಲು.
ಗಾಜಿನ ತೂತಿಗೆ ಬಾಯಿಟ್ಟು ಕೇಳಿದೆ, ಯಾವ ಕಾಲೇಜು ಒಳ್ಳೆಯದು ಸಾರ್.
ಕೆಟ್ಟವನಲ್ಲ. ಯೋಚಿಸಿಯೇ ಹೇಳಿದ:
"ಕಾಲೇಜು ಬಿಡಿ ಅಂಕಲ್,
ಪಕ್ಕದ ಬೆಂಚಿನವರ ಅಪ್ಪಂದಿರು ಯಾರು ನೋಡಿ."
ಅವತ್ತು ರಾತ್ರಿ ಇಪ್ಪತ್ತು ಫಿಲ್ಸು ಕಡಿಮೆ ಬಂತು.
ಮೂರು ಸಲ ಎಣಿಸಿದೆ.
ಎಣಿಸುತ್ತ ಹೊಳೆಯಿತು: ಯಾವುದೋ ಊರಿನ ಯಾವುದೋ ಹುಡುಗನಿಗೆ
ಪಕ್ಕದ ಬೆಂಚಿನವಳ ಅಪ್ಪ ನಾನು.
ಜೇಬಿನಿಂದ ಇಪ್ಪತ್ತು ಹಾಕಿ ಶಟರು ಎಳೆದೆ.
ಮನೆಯಲ್ಲಿ ಈ ಮಾತು ತೆಗೆಯಲಿಲ್ಲ.

ಸಿಂಗಾಪುರ ಕರೆಯಿತು. ಮೊದಲ ಕಂತು ಗುರುವಾರದೊಳಗೆ.
ನನ್ನ ಹಣ ನಾನೇ ಕಳಿಸುವಂತಿಲ್ಲ, ನಿಯಮ.
ಗಾಜಿನ ಆಚೆ ಹೋಗಿ ಸಾಲಿನಲ್ಲಿ ನಿಂತೆ,
ಮುಂದೆ ಸಿಲ್ಹೆಟಿನ ಇಬ್ಬರು, ಸಿಮೆಂಟಿನ ಚಪ್ಪಲಿ.
ಮಾರಿಟೆಸ್, ಹನ್ನೊಂದು ವರ್ಷ ನನ್ನ ಪಕ್ಕದ ಕುರ್ಚಿಯವಳು,
ಗುರುತೇ ಇಲ್ಲದವಳಂತೆ ಫಾರ್ಮು ತೆಗೆದಳು.
ಯಾತಕ್ಕೆ?
ಓದಿಗೆ.
ಪಡೆಯುವವರ ಜೊತೆ ಸಂಬಂಧ?

ಎಷ್ಟು ಸಾವಿರ ಜನಕ್ಕೆ ಕೇಳಿದ್ದೇನೆ ಇದನ್ನು,
ಹೆಂಡತಿ, ತಮ್ಮ, ಅತ್ತೆಯ ಮಗ ಎಂದು ಬರೆದುಕೊಂಡಿದ್ದೇನೆ.
"ಸದ್ಯಕ್ಕೆ ಏನಿಲ್ಲ" ಅಂದೆ.
ಮಾರಿಟೆಸ್ ನಕ್ಕು, ಮೊತ್ತ ಒತ್ತಿ,
ಪರದೆಯನ್ನು ನನ್ನ ಕಡೆ ತಿರುಗಿಸಿದಳು.
ಚುಕ್ಕಿಯ ನಂತರದ ಮೂರನ್ನೂ
ಒಂದೊಂದಾಗಿ ಓದಿದೆ.